ಸಹಾಯ ಬೇಕು: ಎಂಟಿಟಿ ಬದಲಿಗೆ ಎಸ್‌ಆರ್‌ಬಿ ಬಣ್ಣ

ಸದಸ್ಯರೆಲ್ಲರಿಗೂ ನಮಸ್ಕಾರ. ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ನಾನು ಅಮೃತಬಳ್ಳಿಯ ಸಾರವು ಹೀಲಾ ಜೀವಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಗರ್ಭಕಂಠದ ಕ್ಯಾನ್ಸರ್ ಕೋಶಗಳ) ಮೇಲೆ ಬೀರುವ ಪರಿಣಾಮವನ್ನು ಅಧ್ಯಯನ ಮಾಡುತ್ತಿದ್ದೇನೆ. ಎಷ್ಟು ಕೋಶಗಳು ಬದುಕಿವೆ ಎಂದು ತಿಳಿಯಲು ಎಂಟಿಟಿ ಎಂಬ ಬಣ್ಣವನ್ನು ಬಳಸುತ್ತೇವೆ: ಬದುಕಿರುವ ಕೋಶಗಳು ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಆಗಿ ಪರಿವರ್ತಿಸುತ್ತವೆ. ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಬಣ್ಣದ ಗಾಢತೆಯನ್ನು 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತೇವೆ. ಆದರೆ ಕೋಶಗಳೇ ಇಲ್ಲದೆ, ಬರೀ ಸಾರ ಮತ್ತು ಎಂಟಿಟಿ ಇರುವ, ಪ್ರಯೋಗದ ತಟ್ಟೆಯ ಗುಳಿಗಳೂ ನೇರಳೆಗೆ ತಿರುಗುತ್ತಿವೆ. ಸಸ್ಯಸಾರದಲ್ಲಿರುವ ಪಾಲಿಫಿನಾಲ್‌ಗಳಂತಹ ವಸ್ತುಗಳು ತಾವೇ ಎಂಟಿಟಿಯನ್ನು ಅಪಕರ್ಷಿಸಿ (ಅದಕ್ಕೆ ಎಲೆಕ್ಟ್ರಾನ್ ಕೊಟ್ಟು) ನೇರಳೆಯಾಗಿಸಬಲ್ಲವಾದ್ದರಿಂದ, ಸತ್ತ ಕೋಶಗಳೂ ಬದುಕಿರುವಂತೆ ಲೆಕ್ಕಕ್ಕೆ ಬರುವ ಅಪಾಯವಿದೆ. ಸಾರವನ್ನು ತೆಗೆದು ಬಫರ್‌ನಿಂದ ತೊಳೆದರೆ ತೊಂದರೆ ತಗ್ಗುತ್ತದೆ, ಆದರೆ ಸಡಿಲಗೊಂಡ ಕೋಶಗಳೂ ಜೊತೆಗೇ ಕೊಚ್ಚಿಹೋಗುತ್ತವೆ.

ಇಂಥದೇ ಇನ್ನೊಂದು ಬಣ್ಣವಾದ ರೆಸಜುರಿನ್ ಕೂಡ ಅಪಕರ್ಷಣೆಯನ್ನೇ ಅವಲಂಬಿಸುವುದರಿಂದ ಅದು ನಮಗೆ ಒದಗದು. ಕೋಶದ ಪ್ರೋಟೀನಿಗೆ ಅಂಟುವ ಸಲ್ಫೊರೋಡಮೈನ್ ಬಿ, ಅಂದರೆ ಎಸ್‌ಆರ್‌ಬಿ, ಸೂಕ್ತವೆಂಬುದು ನನ್ನ ಅಭಿಪ್ರಾಯ. ದಾವಣಗೆರೆ, ಚಿತ್ರದುರ್ಗ ಅಥವಾ ಶಿವಮೊಗ್ಗದ ಯಾವುದೇ ಪ್ರಯೋಗಾಲಯದಲ್ಲಿ ಈ ಬಣ್ಣ ಉಳಿದಿದ್ದರೆ, 100 ಮಿಲಿಗ್ರಾಂ ಕೊಟ್ಟರೂ ಎರಡು 96 ಗುಳಿಗಳ ತಟ್ಟೆಗಳಿಗೆ ಸಾಕಾಗುತ್ತದೆ. ಅದರ ಬೆಲೆಯನ್ನು ಭರಿಸುತ್ತೇವೆ. ಕೋಶಗಳನ್ನು ಸ್ಥಿರೀಕರಿಸುವ (ತಟ್ಟೆಗೆ ಅಂಟಿ ನಿಲ್ಲುವಂತೆ ಮಾಡುವ) ಟ್ರೈಕ್ಲೋರೋ ಅಸಿಟಿಕ್ ಆಮ್ಲ ಮತ್ತು ಅಂಟಿದ ಬಣ್ಣವನ್ನು ಕರಗಿಸುವ ಟ್ರಿಸ್ ನಮ್ಮಲ್ಲಿವೆ. ಸಸ್ಯಸಾರಗಳೊಂದಿಗೆ ಈ ವಿಧಾನವನ್ನು ಬಳಸಿದ ಅನುಭವವಿರುವವರು, ಕೋಶಗಳನ್ನು ಸ್ಥಿರೀಕರಿಸುವಾಗ ಅವು ಕಿತ್ತುಬರದಂತೆ ಆಮ್ಲವನ್ನು ಹೇಗೆ ಸೇರಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.