ಮೂಲೆಮನೆ ಗೇಟಿನ ಬೀಗ: 7ನೇ ಅಡ್ಡರಸ್ತೆ ನಿವಾಸಿಗಳ ಗುಂಪು, ಮೈಸೂರು, 29 ಏಪ್ರಿಲ್ 2020

ಶಾರದಾ (ಮನೆ ನಂ. 41), ಬೆಳಿಗ್ಗೆ 5:48
ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ, ಅದಕ್ಕೇ ಈಗಲೇ ಬರೀತಿದ್ದೀನಿ. ಹತ್ತೂಕಾಲಿನಿಂದ ಹನ್ನೆರಡೂವರೆವರೆಗೆ ಮೂಲೆಮನೆಯಲ್ಲಿ ಬಾಡಿಗೆಗಿರೋ ಆ ನರ್ಸ್ ಹುಡುಗಿ ಗೇಟಿನ ಹೊರಗೆ ನಿಂತಿದ್ದಳು. ಮಳೆ ಹೇಗೆ ಸುರೀತು ಅಂತ ನಿಮಗೆಲ್ಲ ಗೊತ್ತು. ಗೇಟಿಗೆ ಹೊಸ ಬೀಗ ಬಿದ್ದಿದೆ, ಅವಳ ಹತ್ತಿರ ಇದ್ದದ್ದು ಹಳೇ ಬೀಗದ ಕೀ. ಮಾಲೀಕರು ಫೋನ್ ಎತ್ತಲಿಲ್ಲ, ಒಳಗೆ ಟಿವಿ ಓಡ್ತಾ ಇತ್ತು. ಎದುರು ಮನೆ ಲೈಟು ಹತ್ತಿ ಆರಿತು. ಯಾರೂ ಆಚೆ ಬರಲಿಲ್ಲ. ಮಾರ್ಚ್ 22ಕ್ಕೆ ಇದೇ ರಸ್ತೆಯಲ್ಲಿ ನಿಂತು ತಟ್ಟೆ ಬಡಿದವರು ನಾವು. ಯಾರಿಗೋಸ್ಕರ ಬಡಿದಿರಿ? ಹೇಳಿ.

ಶಾರದಾ (41), 5:55
ನಾಯಿ ಬೊಗಳೋದು ನಿಲ್ಲದೆ ಇದ್ದಾಗ ನಾನು ಎದ್ದು ನೋಡಿದ್ದು. ಗೇಟ್ ತೆಗೆದು ಕರೆದರೆ ಎರಡು ಹೆಜ್ಜೆ ಹಿಂದೆ ಹೋದಳು. "ಆಂಟಿ, ಹತ್ತಿರ ಬರಬೇಡಿ, ನಾನು ನಿಮ್ಮ ಕಾರ್ ಶೆಡ್ಡಲ್ಲೇ ಕೂತ್ಕೋತೀನಿ" ಅಂದಳು. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆ. ಎದೆಗೆ ಒತ್ತಿ ಹಿಡಿದಿದ್ದ ಸೀರೆ ಅಂಗಡಿ ಕವರ್ ಒಂದು ಮಾತ್ರ ಒಣಗಿತ್ತು. ಅದರಲ್ಲಿ ಅವಳ ಟೆಸ್ಟ್ ರಿಪೋರ್ಟ್. ನೆಗೆಟಿವ್. ಏಳು ದಿನ ಕೋವಿಡ್ ವಾರ್ಡ್ ಡ್ಯೂಟಿ, ಹದಿನಾಲ್ಕು ದಿನ ಲಾಡ್ಜಿನಲ್ಲಿ ಕ್ವಾರಂಟೈನ್, ಎಲ್ಲ ಮುಗಿಸಿಕೊಂಡು ಮನೆಗೆ ಬಂದವಳು ಅವಳು. ಈ ರಸ್ತೆಯಲ್ಲಿ ಟೆಸ್ಟ್ ಆಗಿರೋ ಮನುಷ್ಯಳು ಅವಳೊಬ್ಬಳೇ. ನನಗಾಗಿಲ್ಲ, ನಿಮಗೂ ಆಗಿಲ್ಲ.

ರಾಮರಾಯರು (35), 6:10
ಶುಭೋದಯ. ಫಾರ್ವರ್ಡ್: ಇಂದು ರಾತ್ರಿ ಹನ್ನೊಂದರ ನಂತರ ಹೆಲಿಕಾಪ್ಟರ್‌ಗಳಿಂದ ಔಷಧಿ ಸಿಂಪಡಿಸಲಾಗುವುದು. ಯಾರೂ ಹೊರಗೆ ಬರಬೇಡಿ. ಒಣಗಿದ ಬಟ್ಟೆಗಳನ್ನು ಒಳಗೆ ತೆಗೆದುಕೊಳ್ಳಿ. ಎಲ್ಲರಿಗೂ ಕಳಿಸಿ.

ಪ್ರಸಾದ್ (ಅಡ್ಮಿನ್), 6:31
ರಾಯರೇ, ಇದು ಸುಳ್ಳು ಅಂತ ಹೋದ ತಿಂಗಳೇ ಹೇಳಿದ್ದೆ. ದಯವಿಟ್ಟು ಅಳಿಸಿ. ಶಾರದಾ ಮೇಡಂ, ಹುಡುಗಿ ಈಗ ಎಲ್ಲಿ?

ಶಾರದಾ (41), 6:33
ನಮ್ಮ ಮಹಡಿ ರೂಮಲ್ಲಿ ಮಲಗಿದಾಳೆ. ನನ್ನ ಮಗಳ ನೈಟಿ ಕೊಟ್ಟಿದೀನಿ. ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಮಾಸಿಲ್ಲ, ಕಪ್ಪಗೆ ಹಾಗೇ ಇದೆ. ವಾರ್ಡಲ್ಲಿ ಮೈತುಂಬ ಹಾಕೋ ಆ ಪಿಪಿಇ ಕಿಟ್ ಒಳಗೆ ಆರೇಳು ಗಂಟೆ ನೀರು ಕುಡಿಯೋ ಹಾಗಿಲ್ಲ, ಬಾತ್‌ರೂಮಿಗೆ ಹೋಗೋ ಹಾಗಿಲ್ಲ.

ನಾಗರಾಜ್ (38), 6:50
ಎಲ್ಲರಿಗೂ ನಮಸ್ಕಾರ. ಮೊದಲು ನಾಲ್ಕು ವಿಷಯ ಸ್ಪಷ್ಟ ಮಾಡ್ತೀನಿ. ಮೈಸೂರು ರೆಡ್ ಝೋನ್. ನಂಜನಗೂಡಿನ ಫ್ಯಾಕ್ಟರಿಯ ಕೊರೋನಾ ಕೇಸುಗಳು ಶುರುವಾದಾಗ ಈ ರಸ್ತೆಗೆ ಬೊಂಬು ಕಟ್ಟಿದ್ದು ನಾನು. ಆಗ ಯಾರೂ ಕೈ ಹಾಕಲಿಲ್ಲ, ಹಗ್ಗಕ್ಕೂ ನನ್ನ ದುಡ್ಡೇ. ಮನೆ ಅವರದ್ದು, ಯಾರನ್ನ ಇಟ್ಟುಕೋಬೇಕು ಅನ್ನೋದು ಅವರಿಷ್ಟ. ಸಂಘ ಯಾರ ಮನೆ ಬೀಗಕ್ಕೂ ಕೈ ಹಾಕೋಕಾಗಲ್ಲ. ಆಸ್ಪತ್ರೆಯವರು ಅವರವರ ಸಿಬ್ಬಂದಿಗೆ ಹಾಸ್ಟೆಲ್ ಕೊಡಲಿ.

ನಾಗರಾಜ್ (38), 6:52
ಇನ್ನೊಂದು ಮಾತು. ಬೆಂಗಳೂರಿನ ಪಾದರಾಯನಪುರದಲ್ಲಿ 19ನೇ ತಾರೀಕು ಆರೋಗ್ಯ ಸಿಬ್ಬಂದಿ ಮೇಲೆ ಗಲಾಟೆ ಆಯ್ತಲ್ಲ, ಅದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಶಾರದಾ (41), 7:01
ನಾಗರಾಜ್ ಅವರೇ, ಇದೇ ಗುಂಪಲ್ಲಿ ಅದಕ್ಕೂ ಬೈದಿದೀನಿ, ಮೇಲೆ ಹೋಗಿ ಓದಿ. ಅದೇ 19ಕ್ಕೆ ಚೆನ್ನೈನಲ್ಲಿ ಕೊರೋನಾಗೆ ತೀರಿಕೊಂಡ ಡಾಕ್ಟರನ್ನ ಹೂಳೋಕೂ ಬಿಡಲಿಲ್ಲ ಜನ. ಆಂಬುಲೆನ್ಸಿಗೆ ಕಲ್ಲು ಹೊಡೆದರು, ರಾತ್ರಿಯಲ್ಲಿ ಜೊತೆ ಡಾಕ್ಟರೇ ಗುಂಡಿಗೆ ಮಣ್ಣು ಎಳೆದು ಮುಚ್ಚಿದರು. ಪೇಪರಲ್ಲಿ ಓದಿ ನಾವೆಲ್ಲ ಛೀ ಅಂದ್ವಿ. ಅಲ್ಲಿ ತಪ್ಪಾದದ್ದು ನಮ್ಮ ರಸ್ತೆಯಲ್ಲಿ ಹೇಗೆ ಸರಿ ಆಗುತ್ತೆ?

ಕಿರಣ್ (44 ಮಹಡಿ), 7:08
ಮೇ 3ಕ್ಕೆ ಲಾಕ್‌ಡೌನ್ ಮುಗಿದರೆ ಎಣ್ಣೆ ಅಂಗಡಿ ತೆಗೀತಾರಾ? ಯಾರಿಗಾದ್ರೂ ಗೊತ್ತಾ? ಅದೂ ಆರೋಗ್ಯ ಸೇವೆನೇ.

ಪ್ರಸಾದ್ (ಅಡ್ಮಿನ್), 7:09
ಕಿರಣ್, ಈಗ ಬೇಡ.

ಸವಿತ (43), 7:22
ಎದುರು ಮನೆ ಲೈಟು ಅಂದ್ರೆ ನಮ್ಮದು. ನಾನು ಎದ್ದಿದ್ದು ನಿಜ. ನಮ್ಮವರು ಬೇಡ ಅಂದ್ರು, ಪಾಪು ಇದೆ ಮನೇಲಿ. ಭಯ ಆಯ್ತು ಆಂಟಿ. ಅವಳು ನಮ್ಮ ಕಿಟಕಿ ಕಡೆ ನೋಡಿದಳು, ನಾನು ಪರದೆ ಎಳೆದೆ. ಬೆಳಿಗ್ಗೆಯಿಂದ ತಿಂಡಿ ಸೇರ್ತಿಲ್ಲ.

ಶಾರದಾ (41), 7:25
ಸವಿತಾ, ನಿನ್ನೊಬ್ಬಳದ್ದಲ್ಲ ಬಿಡಮ್ಮ. ನಂದೂ ಇದೆ. ಏಪ್ರಿಲ್ 6ರ ಬೆಳಿಗ್ಗೆ, ದೀಪ ಹಚ್ಚಿದ ಮಾರನೇ ದಿನ, ಈ ಗುಂಪಲ್ಲಿ ಒಂದು ಫೋಟೋ ಬಂತು. ಮೂಲೆಮನೆ ತಾರಸಿ ತಂತಿ ಮೇಲೆ ಒಣಗ್ತಿದ್ದ ತಿಳಿನೀಲಿ ಚೂಡಿದಾರ, ಬಿಳಿ ಕೋಟು. ಅದರ ಸುತ್ತ ಕೆಂಪು ಗೆರೆ ಎಳೆದು "ಇದು ನಮ್ಮ ಮಕ್ಕಳ ಮೇಲೆ ಹಾರಿ ಬಂದರೆ ಯಾರು ಹೊಣೆ" ಅಂತ ಬರೆದಿದ್ದರು. ಸೋಪಿನಲ್ಲಿ ಒಗೆದು ಬಿಸಿಲಲ್ಲಿ ಹಾಕಿದ ಬಟ್ಟೆ ಅದು. ಸೋಪು ಬಿದ್ದರೆ ಆ ವೈರಸ್ಸಿನ ಜಿಡ್ಡಿನ ಹೊದಿಕೆ ಕಿತ್ತು ಹೋಗುತ್ತೆ ಅಂತ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ನಾನು ಬರೀಬಹುದಿತ್ತು. ಜಗಳ ಯಾಕೆ ಅಂತ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ನಿನ್ನೆ ಗೇಟಿಗೆ ಬೀಗವಾಯ್ತು.

ಮೂಲೆಮನೆ (46), 7:40
ನಾನು ಓದ್ತಾ ಇದೀನಿ. ನನ್ನ ತಾಯಿಗೆ 84. ಶುಗರ್, ದಮ್ಮು ಎರಡೂ ಇದೆ. ಫೋಟೋ ಹಾಕಿದ್ದು ನಾನಲ್ಲ. ಆಮೇಲೆ ಹಾಲಿನವನು ನಮ್ಮ ಗೇಟಿಗೆ ಬರೋದು ನಿಲ್ಲಿಸಿದ. ತರಕಾರಿ ಗಾಡಿಯವನಿಗೆ "ಆ ಮನೆಗೆ ಹೋಗಿ ನಮ್ಮಲ್ಲಿಗೆ ಬರಬೇಡ" ಅಂದವರು ಯಾರು ಅಂತ ನನಗೆ ಗೊತ್ತು. "ಬಾಡಿಗೆಯವರನ್ನ ಖಾಲಿ ಮಾಡಿಸಿ, ಇಲ್ಲಾಂದ್ರೆ ಸಂಘದಿಂದ ಬರ್ತೀವಿ" ಅಂತ ವಾಯ್ಸ್ ಮೆಸೇಜ್ ಕಳಿಸಿದವರೂ ಇಲ್ಲೇ ಇದ್ದಾರೆ. ಬೀಗ ಹಾಕಿಸಿದ್ದು ನೀವು, ಈಗ ಕೆಟ್ಟವನು ನಾನು.

ಮೂಲೆಮನೆ (46) ಗುಂಪಿನಿಂದ ಹೊರಹೋಗಿದ್ದಾರೆ.

ನಾಗರಾಜ್ (38), 7:44
ವಾಯ್ಸ್ ಮೆಸೇಜ್ ನನ್ನದೇ, ಮುಚ್ಚಿಡೋಕೆ ಏನಿದೆ? ಆವಾಗ ಪರಿಸ್ಥಿತಿ ಹಾಗಿತ್ತು. ಅವಳು ಪಾಸಿಟಿವ್ ಅಂತ ಮೆಡಿಕಲ್ ಸ್ಟೋರಲ್ಲಿ ಮಾತು ಬಂದಿತ್ತು. ರಸ್ತೆ ಕಾಯೋದು ತಪ್ಪಾ? ಗಣಪತಿ ಹಬ್ಬದ ಲೆಕ್ಕದಲ್ಲೂ ಹೀಗೇ ನನ್ನ ಮೇಲೆ ಬಿದ್ದಿರಿ.

ಪ್ರಸಾದ್ (ಅಡ್ಮಿನ್), 7:46
ಗಣಪತಿ ಲೆಕ್ಕ ಯಾಕೆ ಬಂತು ಸಾರ್ ಈಗ?

ನಾಗರಾಜ್ (38), 7:47
ಬರಲೇಬೇಕು. ಹನ್ನೊಂದು ಸಾವಿರ ಇನ್ನೂ ಯಾರ ಹತ್ತಿರ ಇದೆ ಅಂತ ಅಡ್ಮಿನ್ ಹೇಳಲಿ.

(ಇಲ್ಲಿಂದ ಮೂವತ್ತೆರಡು ಮೆಸೇಜು ಲೆಕ್ಕದ್ದೇ.)

ಮಂಜುಳ (47), 9:05
ಅಕ್ಕ, ನಾನು ಗುಂಪಲ್ಲಿ ಬರೆಯೋದು ಕಮ್ಮಿ. ನಮ್ಮ ತಂಗಿ ಹುಣಸೂರು ಕಡೆ ಆಶಾ ಕಾರ್ಯಕರ್ತೆ. ರಾಜ್ಯದಿಂದ ತಿಂಗಳಿಗೆ ನಾಲ್ಕು ಸಾವಿರ ಗೌರವಧನ. ಮೊನ್ನೆ ಮನೆಮನೆ ಸರ್ವೆಗೆ ಹೋದಾಗ ಬಾಗಿಲು ಮುಚ್ಚಿಕೊಂಡೇ ಕಿಟಕಿಯಿಂದ ಹೆಸರು ಹೇಳಿದರಂತೆ. ಒಂದು ಮನೇಲಿ ಅವಳು ಕೂತಿದ್ದ ಜಗಲಿಗೆ ಅವಳ ಎದುರೇ ಫಿನಾಯಿಲ್ ಸುರಿದರಂತೆ. ಫೋನಲ್ಲಿ ಇದನ್ನ ಹೇಳುವಾಗ ಅಳಲಿಲ್ಲ. "ಚಪ್ಪಲಿ ಒಳಗೆ ಫಿನಾಯಿಲ್ ಹೋಗಿ ಕಾಲು ಉರೀತು" ಅಂತ ಅಷ್ಟೇ ಅಂದಳು.

ಮಂಜುಳ (47), 9:07
ನಾಗರಾಜಣ್ಣ, ಅವಳು ನಿಮ್ಮ ತಂಗಿ ಆಗಿದ್ರೆ?

ನಾಗರಾಜ್ (38), 9:15
ಭಾವನಾತ್ಮಕವಾಗಿ ಮಾತಾಡೋದು ಸುಲಭ ಕಣಮ್ಮ.

ಪ್ರಸಾದ್ (ಅಡ್ಮಿನ್), 9:20
ಒಂದು ಮುಖ್ಯ ಮಾಹಿತಿ. ಇದೇ 22ಕ್ಕೆ ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆ ತಂದಿದೆ. ಆರೋಗ್ಯ ಸಿಬ್ಬಂದಿಗೆ ಹೊಡೆದರೆ ಮಾತ್ರ ಅಲ್ಲ, ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆ ಆಗೋ ಹಾಗೆ ಕಿರುಕುಳ ಕೊಟ್ಟರೂ ಅದು ಹಿಂಸೆಯೇ. 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಜಾಮೀನು ಸುಲಭಕ್ಕೆ ಸಿಗಲ್ಲ.

ನಾಗರಾಜ್ (38), 9:24
ಪೂರ್ತಿ ಓದಿ. ಡ್ಯೂಟಿ ಮಾಡದ ಹಾಗೆ ತಡೆದರೆ ಅಂತ ಇದೆ. ನಿನ್ನೆ ಅವಳು ಡ್ಯೂಟಿಗೆ ಹೋಗ್ತಿರಲಿಲ್ಲ, ಡ್ಯೂಟಿಯಿಂದ ಬರ್ತಿದ್ದಳು.

ಶಾರದಾ (41), 9:26
ರಾತ್ರಿ ಮಲಗೋಕೆ ಜಾಗ ಇಲ್ಲದವಳು ಬೆಳಿಗ್ಗೆ ಎದ್ದು ಯಾವ ಡ್ಯೂಟಿ ಮಾಡ್ತಾಳೆ? ನಾನು ಕೇಸ್ ಹಾಕು ಅಂತ ಅವಳಿಗೆ ಹೇಳಿದೆ. "ಬೇಡ ಆಂಟಿ, ಅಜ್ಜಿಗೆ ನನ್ನ ಕಂಡ್ರೆ ಇಷ್ಟ, ನಾನೇ ಬಿಪಿ ನೋಡ್ತಿದ್ದೆ" ಅಂದಳು. ಆ 84ರ ಅಮ್ಮನಿಗೆ ದಿನಾ ಬಿಪಿ ನೋಡಿ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಬರೆದಿಡ್ತಿದ್ದವಳು ಇವಳೇ.

ರಮೇಶ್ (39), 9:40
ಒಂದು ಮಾತು. ಅವಳು ಕೋವಿಡ್ ವಾರ್ಡಿನವಳಲ್ಲ, ಹೆರಿಗೆ ವಾರ್ಡಿನವಳು ಅಂತ ನಾನು ಕೇಳಿದ್ದು. ಹಾಗಿದ್ರೆ ತೊಂದರೆನೇ ಇಲ್ಲವಲ್ಲ. ಅಷ್ಟು ಹೇಳಿ ಎಲ್ಲರನ್ನೂ ಸಮಾಧಾನ ಮಾಡಬಹುದು.

ಶಾರದಾ (41), 9:48
ರಮೇಶ್, ಒಳ್ಳೇ ಮನಸ್ಸಿಂದ ಹೇಳ್ತಿದ್ದೀರಿ, ಗೊತ್ತು. ಅವಳಿದ್ದದ್ದು ಹೆರಿಗೆ ವಾರ್ಡೇ, ಅಲ್ಲಿಂದ ಏಳು ದಿನಕ್ಕೆ ಕೋವಿಡ್ ವಾರ್ಡಿಗೆ ಹಾಕಿದರು. ಅದನ್ನ ಮುಚ್ಚಿಟ್ಟು ಅವಳನ್ನ ಮನೆಗೆ ಸೇರಿಸಬೇಕಾ? ಹಾಗಾದರೆ ನಾಳೆ ಇನ್ನೊಂದು ಬ್ಯಾಚಿಗೆ ಹಾಕಿದಾಗ ಮತ್ತೆ ಬೀಗ ಬೀಳುತ್ತೆ. ಕೋವಿಡ್ ವಾರ್ಡಲ್ಲೇ ಕೆಲಸ ಮಾಡ್ತಾಳೆ, ನೇಮದ ಪ್ರಕಾರ ಕ್ವಾರಂಟೈನ್ ಮುಗಿಸಿ ಬಂದಿದ್ದಾಳೆ, ಈ ರಸ್ತೆಯಲ್ಲೇ ಇರ್ತಾಳೆ. ನನಗೆ ಈ ಮೂರೂ ಒಟ್ಟಿಗೆ ಬೇಕು. ಈ ವರ್ಷ ದಾದಿಯರ ವರ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಘೋಷಿಸಿದೆ. ಮೇ 12ಕ್ಕೆ ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ. ಅವತ್ತು ಈ ಗುಂಪಲ್ಲಿ ಹೂವಿನ ಫೋಟೋ ಹಾಕಬೇಡಿ. ಅವಳ ಹೆಸರು ಹಿಡಿದು ಮಾತಾಡಿಸಿ, ಸಾಕು.

ರಾಮರಾಯರು (35), 10:02
ನಮ್ಮ ಅಜ್ಜಿ ಹೇಳ್ತಿದ್ದರು. ಪ್ಲೇಗ್ ಕಾಲದಲ್ಲಿ ಇಲಿ ಬಿದ್ದ ತಕ್ಷಣ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ರಂತೆ. ಅಜ್ಜಿಯ ಅಣ್ಣ ಹೆಣ ಹೊರೋಕೆ ಹೋಗ್ತಿದ್ದ ಅಂತ ಅವನನ್ನ ಗುಡಿಸಲ ಸಾಲಿಗೇ ಸೇರಿಸಲಿಲ್ಲವಂತೆ, ಊಟ ದೂರದ ಕಲ್ಲಿನ ಮೇಲೆ ಇಟ್ಟು ಬರ್ತಿದ್ದರಂತೆ. ಸಾಯೋವರೆಗೂ ಅಜ್ಜಿ ಆ ಕಲ್ಲಿನ ಮಾತು ಬಿಡಲಿಲ್ಲ. ಶಾರದಮ್ಮ, ಸಂಜೆ ಹೋಗೋದಾದ್ರೆ ನಾನೂ ಬರ್ತೀನಿ. ಬೆಳಗಿನ ಫಾರ್ವರ್ಡ್ ಅಳಿಸಿದ್ದೀನಿ.

ಶಾರದಾ (41), 10:05
ದೊಡ್ಡ ಉಪಕಾರ ರಾಯರೇ. ಸಂಜೆ ಐದಕ್ಕೆ ನಾಲ್ಕೈದು ಜನ ಮಾಸ್ಕ್ ಹಾಕ್ಕೊಂಡು, ದೂರ ನಿಂತು, ಮೂಲೆಮನೆಯವರ ಹತ್ತಿರ ಮಾತಾಡೋಣ. ಜಗಳಕ್ಕಲ್ಲ. ಅವಳ ಮನೆ ಮೇಲುಗಡೆ, ಮೆಟ್ಟಿಲು ಹೊರಗಿಂದ. ಅಜ್ಜಿ ಹತ್ತಿರ ಹೋಗದೆ ಇರಬಹುದು. ಹಾಲು, ತರಕಾರಿ ನಿಲ್ಲಿಸಿದ್ದಕ್ಕೆ ನಾವು ಅವರ ಹತ್ತಿರ ತಪ್ಪಾಯ್ತು ಅನ್ನಬೇಕು, ಮೊದಲು ಅದು. ಯಾರು ಬರ್ತೀರಿ?

ಸವಿತ (43), 10:11
ನಾನು ಬರ್ತೀನಿ.

ಮಂಜುಳ (47), 10:12
ನಾನೂ.

ರಮೇಶ್ (39), 10:30
ಐದಕ್ಕೆ ಆನ್‌ಲೈನ್ ಮೀಟಿಂಗ್ ಇದೆ. ನನ್ನ ಬೆಂಬಲ ಇದೆ.

ನಾಗರಾಜ್ (38), 10:34
ಐದು ಜನ ಸೇರೋದು ಲಾಕ್‌ಡೌನ್ ಉಲ್ಲಂಘನೆ. ಪೊಲೀಸರು ಬಂದರೆ ಸಂಘ ಜವಾಬ್ದಾರಿ ಅಲ್ಲ. ಅಷ್ಟಕ್ಕೂ ಈ ರಸ್ತೆಯ ನಿಜವಾದ ರೋಗ ಕಸ. ಹನ್ನೆರಡು ದಿನದಿಂದ ಕಸದ ಗಾಡಿ ಒಳಗೆ ಬಂದಿಲ್ಲ. ಖಾಲಿ ಸೈಟಲ್ಲಿ ರಾಶಿ ಬಿದ್ದು ನಾಯಿಗಳು ಎಳೆದಾಡ್ತಿವೆ. ಅದಕ್ಕೆ ಯಾರೂ ರಾತ್ರಿ ಎಚ್ಚರ ಇರಲ್ಲ.

ಕಿರಣ್ (44 ಮಹಡಿ), 10:36
ಇದು ನಿಜ. ನಮ್ಮ ಮಹಡಿಗೂ ವಾಸನೆ ಬರ್ತಿದೆ.

ರಮೇಶ್ (39), 10:37
ಹೌದು, ಸೊಳ್ಳೆ ಬೇರೆ. ಈಗ ಮಳೆನೂ ಶುರು. ಡೆಂಗಿ ಬಂದರೆ?

ಪ್ರಸಾದ್ (ಅಡ್ಮಿನ್), 10:41
ಗಾಡಿ ಬರದೆ ಇರೋದು ಬೊಂಬು ಕಟ್ಟಿರೋದಕ್ಕೆ ಸಾರ್. ಆ ಹೆಂಗಸು ಸೀಟಿ ಊದಿ ಊದಿ ವಾಪಸ್ ಹೋಗ್ತಾಳೆ.

ನಾಗರಾಜ್ (38), 10:43
ಬೊಂಬು ಬಿಚ್ಚಲ್ಲ.

(ಮಧ್ಯಾಹ್ನದವರೆಗೆ ಬೊಂಬಿನದ್ದೇ ಮಾತು. ಎರಡು ಪಕ್ಷ, ಒಂದು ಮತದಾನ. ಬಿಚ್ಚಿ 14, ಬೇಡ 9.)

ಶಾರದಾ (41), ಸಂಜೆ 6:20
ನಾವು ನಾಲ್ಕು ಜನ ಹೋಗಿದ್ವಿ. ಗೇಟ್ ಒಳಗಿಂದಲೇ ಮಾತಾಡಿದರು. ಹಾಲಿನ ವಿಷಯಕ್ಕೆ ಸವಿತ ಕೈ ಮುಗಿದಳು, ಅವರ ಕಣ್ಣಲ್ಲಿ ನೀರು ಬಂತು. ಬೀಗ ಮಾತ್ರ ತೆಗೀಲಿಲ್ಲ. "ಮೇ 3 ಆಗಲಿ, ನೋಡೋಣ" ಅಂದರು. ಅವಳ ಎರಡು ಜೊತೆ ಯೂನಿಫಾರ್ಮ್, ಅನ್ನದ ಕುಕ್ಕರ್, ಮನೆದೇವರ ಫೋಟೋ ಇಷ್ಟನ್ನ ಚೀಲಕ್ಕೆ ಹಾಕಿ ಗೇಟಿನ ಮೇಲಿಂದ ಕೊಟ್ಟರು. ಅಜ್ಜಿ ಒಳಗಿಂದ ಕೂಗಿ "ಮಗು ಊಟ ಮಾಡ್ತಾ?" ಅಂತ ಕೇಳ್ತಿದ್ದರು.

ಪ್ರಸಾದ್ (ಅಡ್ಮಿನ್), 6:31
ಮೇ 3ರ ನಂತರ ಮತ್ತೆ ಮಾತಾಡೋಣ ಮೇಡಂ. ಸದ್ಯಕ್ಕೆ ಕಸದ ಬಗ್ಗೆ ಪಾಲಿಕೆಗೆ ಅರ್ಜಿ ಬರೀತಿದ್ದೀನಿ, ಎಲ್ಲರೂ ಮನೆ ನಂಬರ್ ಕಳಿಸಿ.

41, 43, 47, 35, 39, 44...

ಶಾರದಾ (41), 6:50
ಅವಳಿಗೆ ನಾಳೆ ಬೆಳಿಗ್ಗೆಯಿಂದ ಡ್ಯೂಟಿ. ಆಸ್ಪತ್ರೆ ವ್ಯಾನು ಏಳೂವರೆಗೆ ಬರುತ್ತೆ, ಬೊಂಬಿನ ಹತ್ತಿರ ನಿಲ್ಲುತ್ತೆ. ಮಳೆ ಬಂದರೆ ಅಲ್ಲಿವರೆಗೆ ಮತ್ತೆ ನೆನೀತಾಳೆ. ಇರೋದು ಅವೆರಡೇ ಯೂನಿಫಾರ್ಮ್. ಹಗ್ಗ ಕಟ್ಟಿದವರು ಸ್ವಲ್ಪ ಸಡಿಲ ಬಿಡಬೇಕು ಅಂತ ಕೇಳಿಕೊಳ್ತೀನಿ.

ನಾಗರಾಜ್ (38), ರಾತ್ರಿ 9:14
ಕಸದ ಗಾಡಿಗೆ ಹೇಗೂ ಬಿಚ್ಚಲೇಬೇಕು. ಏಳಕ್ಕೆ ಬಂದು ಬಿಚ್ಚುತ್ತೀನಿ. ವ್ಯಾನ್ ನಿಮ್ಮ ಗೇಟಿನವರೆಗೆ ಬರಲಿ.