ಅಪ್‌ಡೇಟ್: ವಸತಿಗೃಹದ ಒಡೆದ ಆಸ್ಬೆಸ್ಟಾಸ್ ಶೀಟುಗಳು

ಹಾಸನದ ನಮ್ಮ ಸರ್ಕಾರಿ ವಸತಿಗೃಹದ ಹಿಂಬದಿಯ ಬಿರುಕುಬಿಟ್ಟ ಆಸ್ಬೆಸ್ಟಾಸ್ ಶೀಟುಗಳನ್ನು ಮಳೆಗಾಲಕ್ಕೆ ಮುಂಚೆ ನಾವೇ ಇಳಿಸಬಹುದೇ ಎಂದು ಕೇಳಿದ್ದೆ. ಕೈ ಹಾಕಬೇಡಿ ಎಂದು ತಡೆದವರಿಗೆಲ್ಲ ಧನ್ಯವಾದ.

ನಿರ್ವಹಣೆಯವರು ಮೊದಲು ಕಳುಹಿಸಿದ್ದು ಇಬ್ಬರು ಹುಡುಗರನ್ನು, ಕೈಯಲ್ಲಿ ಸುತ್ತಿಗೆ ಕೊಟ್ಟು! ಶೀಟು ಗಟ್ಟಿಯಾಗಿ ತನ್ನ ಪಾಡಿಗಿದ್ದರೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶ ಸೇರುತ್ತದೆ, ಕಾಯಿಲೆ ಹೊರಬೀಳುವುದು ದಶಕಗಳ ನಂತರ. ಇದನ್ನೇ ಅರ್ಜಿಯಲ್ಲಿ ಬರೆದುಕೊಟ್ಟ ಮೇಲೆ ಕಿರಿಯ ಎಂಜಿನಿಯರ್ ಬಂದು ನೋಡಿದರು.

ಅಕ್ಕಪಕ್ಕದ ಮನೆಗಳ ಕಿಟಕಿ ಮುಚ್ಚಿಸಿ, ಮಕ್ಕಳನ್ನು ದೂರ ಕಳುಹಿಸಿದೆವು. ಕೆಲಸಗಾರರು ಕರವಸ್ತ್ರ ಕಟ್ಟಿಕೊಳ್ಳದೆ, ಸೂಕ್ಷ್ಮ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಹಾಕಿಕೊಂಡರು. ಶೀಟಿಗೆ ಸೋಪಿನ ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿದರು. ಚೂರುಗಳಿಗೆ ಪೊರಕೆ ಮುಟ್ಟಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕಟ್ಟಿಟ್ಟರು. ಪಕ್ಕದ ಮನೆಯ ಅಜ್ಜಿ ಕೋಳಿಗೂಡಿಗೆ ಒಂದು ಶೀಟು ಬೇಕೆಂದು ಹಟ ಹಿಡಿದರು. ಎಂಜಿನಿಯರನ್ನು ಒಪ್ಪಿಸುವುದೇ ಸುಲಭವಿತ್ತು.

ಕಟ್ಟುಗಳು ಇನ್ನೂ ಬೀಗ ಹಾಕಿದ ಶೆಡ್ಡಿನಲ್ಲಿವೆ. ನಗರಪಾಲಿಕೆಯ ಕಸದ ಗಾಡಿಗೆ ಹಾಕುವ ವಸ್ತುವಲ್ಲ ಇದು. ಅಪಾಯಕಾರಿ ತ್ಯಾಜ್ಯ ಹೂಳುವ ಪರವಾನಗಿ ಇರುವ ಜಾಗಕ್ಕೇ ಹೋಗಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಹೋಗಿದೆ.

ಬಾಗಿಲಿನ ಹಳೆಯ ಬಣ್ಣದ ಬಗ್ಗೆ ಕೇಳಿದವರಿಗೆ: ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ನಮ್ಮದು ಅದಕ್ಕೂ ಹಳೆಯದು, ಸೀಸ ಹೆಚ್ಚಿರಬಹುದು, ಒಣದಾಗಿ ಉಜ್ಜಿದರೆ ಅದು ಧೂಳಾಗಿ ಏಳುತ್ತದೆ. ಹಾಗಾಗಿ ಒಣ ಉಜ್ಜುಕಾಗದ ಬೇಡವೆಂದು ಪೇಂಟರಿಗೆ ಹೇಳಿದ್ದೇನೆ.