ಕೆಲಸದ ಜೊತೆ ಓದುವ ರೂಢಿ ಹೇಗೆ ಬಂತು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಖಾಸಗಿ ಕೆಲಸ ಮಾಡುತ್ತಾ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೆ ಓದುತ್ತಿರುವವಳು ನಾನು. ಪ್ರತಿ ಸೋಮವಾರ ದಿನಕ್ಕೆ 4 ಗಂಟೆ ಅಂತ ಟೈಮ್‌ಟೇಬಲ್ ಬರೆಯುತ್ತೇನೆ. ಗುರುವಾರದ ಹೊತ್ತಿಗೆ ನಿಂತುಹೋಗುತ್ತದೆ. ಒಂದು ದಿನ ತಪ್ಪಿದರೆ ವಾರವೇ ಹೋಯಿತು ಅನ್ನಿಸುತ್ತದೆ. ನೀವೆಲ್ಲ ಏನು ಮಾಡಿದಿರಿ?

ಉತ್ತರ 1: ತಂಗಿ, ಎರಡು ಮಕ್ಕಳನ್ನು ನೋಡಿಕೊಂಡು ಇದೇ ಪರೀಕ್ಷೆಗೆ ಓದಿದವಳು ನಾನು. ಮೊದಲು ಆ 4 ಗಂಟೆಯ ಲೆಕ್ಕ ಬಿಡು. ದಣಿದು ಬಂದವರಿಗೆ ಅದನ್ನು ನೆನೆದರೇ ಸುಸ್ತು, ಅದಕ್ಕೇ ನಾಳೆ ನೋಡೋಣ ಅಂತೀವಿ. ನಾನು ಬೆಳಿಗ್ಗೆ ಕುಕ್ಕರ್ ಇಟ್ಟ ಕೂಡಲೇ ಅಡುಗೆಮನೆಯಲ್ಲೇ ಓದಲು ಕೂರುತ್ತಿದ್ದೆ. ಮೂರು ಕೂಗು ಬರುವವರೆಗೆ ಮಾತ್ರ. ಅಷ್ಟರಲ್ಲಿ ಹಳೇ ಪ್ರಶ್ನೆಪತ್ರಿಕೆಯ ಐದಾರು ಪ್ರಶ್ನೆ ಆಗುತ್ತಿದ್ದವು. ಕುಕ್ಕರ್ ದಿನವೂ ಇಡಲೇಬೇಕಲ್ವಾ? ಹಾಗಾಗಿ ಓದೂ ದಿನವೂ ನಡೆಯಿತು. ತಿಂಗಳಾದ ಮೇಲೆ ಕುಕ್ಕರ್ ಇಳಿಸಿದರೂ ಪುಸ್ತಕ ಮುಚ್ಚಲು ಮನಸ್ಸು ಬರುತ್ತಿರಲಿಲ್ಲ. ಇನ್ನೊಂದು, ರಾತ್ರಿಯೇ ಮರುದಿನದ ಪುಟ ತೆರೆದು ಮೇಲೆ ಪೆನ್ನು ಇಟ್ಟಿರುತ್ತಿದ್ದೆ. ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸುತ್ತಾ ಕೂತರೆ ಕೈ ಸುಮ್ನೆ ಮೊಬೈಲ್ ಕಡೆ ಹೋಗುತ್ತದೆ.

ಉತ್ತರ 2: ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ರೈಲು ಹೊರಟಾಗ ಪುಸ್ತಕ ತೆಗೆದರೆ ಯಶವಂತಪುರದಲ್ಲೇ ಮುಚ್ಚುವುದು. ಸೀಟ್ ಸಿಗದ ದಿನ, ಸಂವಿಧಾನದ ವಿಧಿಗಳನ್ನು ನಾನೇ ಓದಿ ರೆಕಾರ್ಡ್ ಮಾಡಿಟ್ಟಿದ್ದೇನಲ್ಲ, ಅದನ್ನು ಕೇಳುತ್ತೇನೆ.

ಉತ್ತರ 3: ತಪ್ಪಿದ ದಿನದ ಮಾತು ಯಾರೂ ಎತ್ತಲಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ವಾಕಿಂಗ್ ಶುರು ಮಾಡಿದಾಗ, ಯಾವ ಅಭ್ಯಾಸವೂ 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತು ನಂಬಿದ್ದೆ. ಆಗಲಿಲ್ಲ ಅಂತ ಬೇಸರಪಟ್ಟು ಬಿಟ್ಟೇಬಿಟ್ಟೆ. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದ ಬಗ್ಗೆ ಓದಿದೆ. 96 ಜನ ಊಟದ ಜೊತೆ ಹಣ್ಣು ತಿನ್ನುವಂಥ ಒಂದೊಂದು ಅಭ್ಯಾಸ ಹಿಡಿದು 12 ವಾರ ನಡೆಸಿದ್ದರು. ಅದು ರೂಢಿಯಾಗಲು ಸುಮಾರು 66 ದಿನ ಬೇಕೆಂದು ತಿಳಿಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 12 ವಾರ ಮುಗಿದರೂ ಸಾಲದೆ, 254 ದಿನ ಬೇಕಾದೀತು ಅಂತ ಅಂದಾಜಿನ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಬುಧವಾರ ತಪ್ಪಿತಾ? ಸೋಮವಾರಕ್ಕೆ ಕಾಯಬೇಡಿ. ಗುರುವಾರ ಒಂದೇ ಪುಟ ಓದಿ ಮಲಗಿ.

ಪ್ರಶ್ನೆ ಕೇಳಿದವರು: ಅಕ್ಕಾ, ನಮ್ಮನೆಯಲ್ಲಿ ಬೆಳಿಗ್ಗೆ ಕುಕ್ಕರ್ ಇಡುವುದು ಅಮ್ಮ. ಆದರೆ ಬಸ್‌ಸ್ಟಾಪಿನಲ್ಲಿ ದಿನಾ 15 ನಿಮಿಷ ಕಾಯುತ್ತೇನೆ. ಹಳೇ ಪ್ರಶ್ನೆಪತ್ರಿಕೆ ಈಗಲೇ ಬ್ಯಾಗಿಗೆ ಹಾಕಿದೆ.